ಮುತ್ತಮ್ಮಜ್ಜಿಯ ತೋರುಬೆರಳು

ಹೆಣ್ಣು ನೋಡಲು ಹೋದ ತಿಮ್ಮೇಶ ಹೆಣ್ಣಿನ ಅಜ್ಜಿಯ ಬೆರಳು ಮುರಿದುಹಾಕಿದ ಎಂಬ ಸುದ್ದಿ, ಅವನು ಕಿಕ್ಕೇರಿಯಲ್ಲಿ ಬಸ್ಸು ಹತ್ತುವ ಮೊದಲೇ ಬಾಬುರಾಯನಕೊಪ್ಪಲಿಗೆ ಬಂದು ತಲುಪಿತ್ತು. ಊರಿನವರು ಬೆಚ್ಚಿಬಿದ್ದರು. ಇಷ್ಟು ವರ್ಷ ಹೆಣ್ಣು ಸಿಗದ ಗಂಡಸು ಸಿಟ್ಟಿನಲ್ಲಿ ಏನು ಬೇಕಾದರೂ ಮಾಡಿಯಾನು ಎಂದು ಕೆಲವರು, ಅಜ್ಜಿಯೇ ಏನೋ ಕೆಣಕಿರಬೇಕು ಎಂದು ಇನ್ನು ಕೆಲವರು ತೀರ್ಪು ಕೊಟ್ಟರು. ಆ ಅಜ್ಜಿ ಸತ್ತು ಆಗಲೇ ಮೂರು ವರ್ಷವಾಗಿದೆ ಎಂಬ ಸುದ್ದಿ ಸ್ವಲ್ಪ ತಡವಾಗಿ ಬಂತು. ಬೆಚ್ಚಿಬಿದ್ದು ಎದ್ದು ಕೂತಿದ್ದವರು ಇನ್ನೊಮ್ಮೆ ಬಿದ್ದರು.

ತಿಮ್ಮೇಶನ ಮೇಲೆ ನನಗೇನೂ ದ್ವೇಷವಿಲ್ಲ. ಒಳ್ಳೆಯ ಮನುಷ್ಯ. ಮೈಸೂರು ರಸ್ತೆಯ ಬದಿಯಲ್ಲಿ ಒಂದು ಸಣ್ಣ ಅಂಗಡಿ ಇಟ್ಟುಕೊಂಡು ಬೈಕುಗಳಿಗೆ ಕ್ಲಚ್ ವೈರು, ಬ್ರೇಕ್ ವೈರು ಹಾಕುತ್ತಾನೆ. ಅವನಿಗೆ ಇರುವುದು ಒಂದೇ ಕಾಯಿಲೆ. ಯಾರು ಏನು ಕೆಟ್ಟಿದೆ ಎಂದರೂ "ಅದೇನ್ ಮಹಾ, ಕೊಡಿ ಇಲ್ಲಿ" ಎಂದು ಕೈ ಚಾಚುವುದು. ಹಾಗೆ ಚಾಚಿ ಪಡೆದ ಮಿಕ್ಸಿ, ಗೋಡೆ ಗಡಿಯಾರ, ಭಜನೆ ಮನೆಯ ಹಾರ್ಮೋನಿಯಂ ಎಲ್ಲವೂ ಅವನ ಅಂಗಡಿಯ ಮೂಲೆಯಲ್ಲಿ ಇಂದಿಗೂ ಚಿಕಿತ್ಸೆ ಪಡೆಯುತ್ತಿವೆ. ಒಂದೂ ಗುಣವಾಗಿ ಮನೆಗೆ ಹೋಗಿಲ್ಲ.

ಅವನಿಗೆ ಹೆಣ್ಣು ಹುಡುಕಿದ ಕಥೆ ಹೇಳಿದರೆ ನೀವು ಅಳುತ್ತೀರಿ. ನಾಗಮಂಗಲದ ಕಡೆಯ ಒಂದು ಮನೆಯವರು ಅಂಗಡಿ ನೋಡಿ ಬೇಡವೆಂದರು. ಪಾಂಡವಪುರದ ಕಡೆಯವರು ಅಂಗಡಿ ನೋಡದೆಯೇ ಬೇಡವೆಂದರು. ಕೊನೆಗೆ ಅವನ ಸೋದರಮಾವ ಕಿಟ್ಟಿ, ಕಿಕ್ಕೇರಿಯ ಯಶೋಧಳ ಸಂಬಂಧ ತಂದ. ಹುಡುಗಿ ಹಾಲಿನ ಡೇರಿಯಲ್ಲಿ ಕೆಲಸ ಮಾಡುವವಳು. ಫೋಟೋ ನೋಡಿ, ಫೋನಿನಲ್ಲಿ ಮಾತಾಡಿ, "ನಿಮ್ ನಗು ಚೆನ್ನಾಗದೆ" ಎಂದುಬಿಟ್ಟಳು. ಅಲ್ಲಿಯತನಕ ತಿಮ್ಮೇಶನ ನಗುವಿನ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ. ಅಂದಿನಿಂದ ಅವನು ಪಂಕ್ಚರ್ ಹಾಕುವಾಗಲೂ ನಗತೊಡಗಿದ. ಮದುವೆ ಅಂತ ಆದರೆ ಇವಳನ್ನೇ, ಇಲ್ಲದಿದ್ದರೆ ಇಲ್ಲವೇ ಇಲ್ಲ ಎಂದು ತಾಯಿ ಲಲಿತಮ್ಮನಿಗೆ ಹೇಳಿದ. ಲಲಿತಮ್ಮ ಮನೆದೇವರಿಗೆ ಮುಡಿಪು ಕಟ್ಟಿಟ್ಟಳು.

ಕಿಕ್ಕೇರಿಯ ಮನೆಯ ನಡುಮನೆಯಲ್ಲಿ ಸೋಫಾದ ಮೇಲೆ ಒಬ್ಬ ಮುದುಕಿ ರೇಷ್ಮೆ ಸೀರೆ ಉಟ್ಟು, ಕನ್ನಡಕ ಹಾಕಿ, ಕೈತುಂಬ ಹಸಿರು ಬಳೆ ತೊಟ್ಟು ಕೂತಿದ್ದಳು. ಲಲಿತಮ್ಮ ಹೋದವಳೇ ಅವಳ ಪಕ್ಕದಲ್ಲಿ ಕೂತು, "ಚೆನ್ನಾಗಿದ್ದೀರಾ ಅತ್ತೆ? ಮಂಡಿನೋವು ಗಿಂಡಿನೋವು ಏನಿಲ್ವಲ್ಲ?" ಎಂದು ವಿಚಾರಿಸಿದಳು. ತನ್ನ ಮಂಡಿನೋವಿನ ಬಗ್ಗೆ ವಿವರವಾಗಿ ಹೇಳಿದಳು. ಮುದುಕಿ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಲಲಿತಮ್ಮನಿಗೆ ಮುಖ ಕೆಂಪಾಯಿತು. ಕಾಫಿ ಲೋಟ ಬಾಯಿಗಿಟ್ಟುಕೊಂಡು ತಮ್ಮನ ಕಡೆ ಬಾಗಿದಳು.

"ಏನ್ಲಾ ಕಿಟ್ಟಿ, ಈ ಮುದ್ಕಿಗೆ ಇಷ್ಟೊಂದ್ ದಿಮಾಕು? ಆವಾಗ್ಲಿಂದ ಮಾತಾಡುಸ್ತಾವ್ನಿ, ಮೊಕಾನೂ ತಿರುಗುಸ್ತಿಲ್ವಲ್ಲ!"

"ಸುಮ್ಕಿರಕ್ಕ, ಅವ್ರು ತೀರ್ಕಂಡು ಮೂರ್ ವರ್ಸ ಆಯ್ತು."

ಬಾಯಲ್ಲಿದ್ದ ಕಾಫಿ ಕಿಟ್ಟಿಯ ಬಿಳಿ ಅಂಗಿಯ ಮೇಲೆ ಬಂತು. ಲಲಿತಮ್ಮ ಸೋಫಾದಿಂದ ಎದ್ದ ವೇಗಕ್ಕೆ ಅವಳ ಮಂಡಿನೋವು ನಿಜವೇ ಎಂದು ಯಾರಿಗಾದರೂ ಅನುಮಾನ ಬರಬೇಕು.

ಯಶೋಧಳ ಅಪ್ಪ ಶ್ರೀನಿವಾಸ ಹಿಟ್ಟಿನ ಗಿರಣಿಯ ಮಾಲೀಕ. ಅವನು ಎದೆಯುಬ್ಬಿಸಿ ವಿವರಿಸಿದ. ತಾಯಿ ಮುತ್ತಮ್ಮ ತೀರಿಕೊಂಡ ಮೇಲೆ ತಂದೆ ಚಿಕ್ಕಸಿದ್ದಯ್ಯ ಊಟ ಬಿಟ್ಟರಂತೆ. ಗೋಡೆಯ ಮೇಲೆ ಫೋಟೋ ಹಾಕಿದರೆ ಸಾಲದು ಎಂದು ಮಗ, ದೂರದ ಊರಿನಿಂದ ಆಳೆತ್ತರದ ಸಿಲಿಕಾನ್ ಗೊಂಬೆ ಮಾಡಿಸಿ ತರಿಸಿದನಂತೆ.

"ಮುಟ್ಟಿ ನೋಡಿ, ಚರ್ಮ ಇದ್ದಂಗೇ ಅದೆ. ಬೆರಳೊಳ್ಗೆಲ್ಲ ವೈರದೆ. ಎಂಗ್ ಬೇಕಾರೂ ಮಡುಸ್ಬೋದು. ಗೌರಿ ಹಬ್ಬಕ್ಕೆ ಕುಂಕುಮ ಇಡ್ಕಂಡಂಗೆ, ಉಗಾದಿಗೆ ಬೇವು-ಬೆಲ್ಲ ಇಡ್ಕಂಡಂಗೆ ಮಾಡ್ತೀವಿ. ಎಲೆಕ್ಷನ್ ದಿನ ತೋರುಬೆರಳೊಂದೇ ಎತ್ತಿ ಫೋಟೋ ತೆಗ್ದಿದ್ವಿ."

"ಓಟಾಕಿದ್ರಾ?" ಎಂದ ಕಿಟ್ಟಿ, ಗಾಬರಿಯಿಂದ.

ಸೊಸೆ ಉಮ ಅತ್ತೆಯ ಪಾಲನೆಯ ವಿಚಾರ ಹೇಳಿದಳು. ಶುಕ್ರವಾರ ಶುಕ್ರವಾರ ಸೋಪು ನೀರಿನ ಬಟ್ಟೆಯಲ್ಲಿ ಮೈ ಒರೆಸಬೇಕು. ಬೆರಳ ಸಂದಿ ಒಣಗಿಸಿ ಪೌಡರ್ ಹಾಕಬೇಕು, ಇಲ್ಲದಿದ್ದರೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಬೆರಳುಗಳನ್ನು ಮೆಲ್ಲಗೆ ಮಡಿಸಬೇಕು, ಹಿಂದಕ್ಕೆ ಬಗ್ಗಿಸಬಾರದು. ಆದರೆ ಹಬ್ಬಗಳು ಒಂದೆರಡೇ? ಮಡಿಸಿ ಬಿಡಿಸಿ, ಮಡಿಸಿ ಬಿಡಿಸಿ, ಒಳಗಿನ ವೈರುಗಳು ಸಡಿಲವಾಗಿ ಬೆರಳುಗಳು ಬಾಡಿದ ಹುರುಳಿಕಾಯಿಯಂತೆ ಜೋತುಬಿದ್ದಿದ್ದವು. ಅದು ಮನೆಯಲ್ಲಿ ಯಾರಿಗೂ ದೋಷವೆಂದು ಕಂಡಿರಲಿಲ್ಲ. ಅದಕ್ಕೆ ಕಾರಣವಿದೆ.

ನಮ್ಮ ಕಡೆ ದೇವರ ಹತ್ತಿರ ಹೂ ಕೇಳುವ ಪದ್ಧತಿ ನಿಮಗೆ ಗೊತ್ತು. ದೇವರ ಮೈಮೇಲೆ ಹೂವಿಟ್ಟು, ಮನಸ್ಸಿನಲ್ಲಿದ್ದದ್ದನ್ನು ಕೇಳಿಕೊಂಡು ಕೈಮುಗಿದು ನಿಲ್ಲುವುದು. ಹೂ ಬಿದ್ದರೆ ಅಪ್ಪಣೆ, ಬೀಳದಿದ್ದರೆ ಇಲ್ಲ. ಚಿಕ್ಕಸಿದ್ದಯ್ಯ ಈ ಪದ್ಧತಿಯನ್ನು ಹೆಂಡತಿಗೆ ಜಾರಿ ಮಾಡಿದ್ದರು. ಮನೆಯಲ್ಲಿ ಏನೇ ಆಗಬೇಕಾದರೂ ಮುತ್ತಮ್ಮನ ಬಲಗೈ ಬೆರಳುಗಳ ನಡುವೆ ಒಂದು ಸೇವಂತಿಗೆ ಇಟ್ಟು ಕೇಳುವುದು. ಹಸು ತರಲೇ? ಹೂ ಬಿತ್ತು. ಮನೆಗೆ ಬಣ್ಣ ಹೊಡೆಸಲೇ? ಬಿತ್ತು. ಗಿರಣಿಗೆ ಹೊಸ ಮೋಟಾರು? ಕೇಳಿ ಮುಗಿಯುವುದರೊಳಗೆ ಬಿತ್ತು. ಹೂವನ್ನು ಹಿಡಿದುಕೊಳ್ಳುವ ಶಕ್ತಿಯೇ ಆ ಬೆರಳುಗಳಿಗೆ ಇರಲಿಲ್ಲ. ಹೀಗೆ ಮೂರು ವರ್ಷ ಆ ಮನೆ ಅಜ್ಜಿಯ ಅಪ್ಪಣೆಯಿಂದ ನಡೆದಿತ್ತು.

ಅವತ್ತೂ ಚಿಕ್ಕಸಿದ್ದಯ್ಯ ಕೋಲೂರಿಕೊಂಡು ಬಂದು ಹೂವಿಟ್ಟರು. "ಮುತ್ತೀ, ಈ ಉಡುಗುಂಗೆ ನಮ್ ಯಸೋದನ್ನ ಕೊಡವಾ?" ಎಂದರು. ಹೂ ಪಟಕ್ಕೆಂದು ಬಿತ್ತು. ಲಲಿತಮ್ಮ ಭಯ ಮರೆತು ಕೈಮುಗಿದಳು. ಬಾಗಿಲ ಹಿಂದೆ ನಿಂತಿದ್ದ ಯಶೋಧ ನಕ್ಕಳು. ತಿಮ್ಮೇಶನಿಗೆ ಸಂತೋಷ ತಡೆಯಲಾಗಲಿಲ್ಲ.

ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅವನು ಹೋಗಿ ಅಜ್ಜಿಯ ಕಾಲಿಗೆ ಬಿದ್ದ. ಬಿದ್ದವನು ಆಶೀರ್ವಾದ ಪೂರ್ತಿಯಾಗಲಿ ಎಂದು ಅಜ್ಜಿಯ ಬಲಗೈ ಎಳೆದು ತಲೆಯ ಮೇಲೆ ಇಟ್ಟುಕೊಂಡ. ಇಟ್ಟುಕೊಂಡವನು ಭಕ್ತಿಯಿಂದ ಒತ್ತಿಯೂ ಬಿಟ್ಟ. ಟಕ್ ಎಂದು ಒಂದು ಸದ್ದು ಬಂತು. ತಲೆ ಎತ್ತಿ ನೋಡಿದರೆ ಅಜ್ಜಿಯ ತೋರುಬೆರಳು ಹಿಂದಕ್ಕೆ ಮಡಿಸಿಕೊಂಡು ಮಣಿಕಟ್ಟು ನೋಡುತ್ತಿತ್ತು. ಗೆಣ್ಣಿನ ಹತ್ತಿರ ಚರ್ಮ ಹರಿದು ವೈರಿನ ತುದಿ ಹೊರಗೆ ಬಂದಿತ್ತು.

ಉಮ ಕಿಟಾರನೆ ಕಿರುಚಿದಳು. ಕಿಟ್ಟಿ ಬಾಗಿಲ ಕಡೆ ಓಡಿದ.

"ಅಯ್ಯಯ್ಯಪ್ಪೋ! ನನ್ ಎಂಡ್ರು ಕೈ ಮುರ್ದಾಕ್ಬುಟ್ನಲ್ಲಪ್ಪೋ!" ಎಂದು ಚಿಕ್ಕಸಿದ್ದಯ್ಯ ಕುಸಿದು ಕೂತರು. ಅಕ್ಕಪಕ್ಕದ ಮನೆಯವರೆಲ್ಲ ನುಗ್ಗಿದರು. ಸುದ್ದಿ ಬಾಬುರಾಯನಕೊಪ್ಪಲಿಗೆ ಹೊರಟದ್ದು ಆ ಕ್ಷಣದಲ್ಲಿ.

ಸ್ವಲ್ಪ ಹೊತ್ತಿನ ಮೇಲೆ ಚಿಕ್ಕಸಿದ್ದಯ್ಯ ಸುಧಾರಿಸಿಕೊಂಡು ನ್ಯಾಯ ಹೇಳಿದರು. "ನೋಯ್ತಾ ಇರೋ ಕೈಯಿಂದ ಬಿದ್ದ ಊವ ನಡೆಯಕ್ಕಿಲ್ಲ. ಅವ್ಳು ಒಪ್ಪಿ ಬೀಳುಸುದ್ಲೋ, ನೋವ್ಗೆ ಬೀಳುಸುದ್ಲೋ ಯಾರ್ಗೊತ್ತು? ಕೈ ಸರಿ ಮಾಡ್ಸಿ. ಆಮೇಲೆ ತಿರ್ಗಾ ಕೇಳವಾ."

ಬೆರಳು ಮುರಿದದ್ದು ಹೂ ಬಿದ್ದ ಮೇಲೆ ಎಂದು ಕಿಟ್ಟಿ ಬಾಗಿಲ ಆಚೆಯಿಂದಲೇ ವಾದಿಸಿದ. ಯಾರೂ ಕೇಳಲಿಲ್ಲ. ಗೊಂಬೆ ಮಾಡಿದವರಿಗೆ ಶ್ರೀನಿವಾಸ ಫೋನು ಮಾಡಿದ. ಅಜ್ಜಿಯನ್ನು ಪೂರ್ತಿಯಾಗಿ ಪೆಟ್ಟಿಗೆಯಲ್ಲಿ ಹಾಕಿ ಕಳುಹಿಸಿ, ಕೆಲವು ತಿಂಗಳು ಬೇಕು ಎಂದರು. ಅಷ್ಟು ದಿನ ಹೆಂಡತಿಯನ್ನು ಬಿಟ್ಟಿರಲಾರೆ ಎಂದು ಮುದುಕರು ಅತ್ತರು. ಆಗ ತಿಮ್ಮೇಶ ಹುಟ್ಟಿನಿಂದಲೇ ಇರುವ ಕಾಯಿಲೆಯಿಂದ ಕೈ ಚಾಚಿ, "ಅದೇನ್ ಮಹಾ, ವೈರು ತಾನೆ? ದಿನಾ ಅದೇ ನನ್ ಕೆಲ್ಸ. ಕೊಡಿ ಇಲ್ಲಿ" ಎಂದ.

ಬಾಗಿಲ ಹಿಂದಿನಿಂದ ಯಶೋಧ, "ನಿಜ್ವಾಗ್ಲೂ ಬತ್ತದಾ ನಿಮ್ಗೆ?" ಎಂದು ಕೇಳಿದಳು.

"ಓ!" ಎಂದ ತಿಮ್ಮೇಶ. ಅದರಲ್ಲಿ ಒಂದಕ್ಷರವೂ ನಿಜವಿರಲಿಲ್ಲ.

ಅಜ್ಜಿಯ ಕೈ ಮಣಿಕಟ್ಟಿನ ಹತ್ತಿರ ಸ್ಕ್ರೂ ಬಿಚ್ಚಿದರೆ ಕಳಚಿ ಬರುತ್ತಿತ್ತು. ಮುದುಕರು ತಾವೇ ಬಿಚ್ಚಿಕೊಟ್ಟರು. ಬಳೆ ಮಾತ್ರ ತೆಗೆಯಲು ಬಿಡಲಿಲ್ಲ. "ನಾನ್ ಬದ್ಕಿರಗಂಟ ಅವ್ಳ ಕೈ ಬರಿದಾಗ್ಬಾರ್ದು" ಎಂದರು. ಮಣಿಕಟ್ಟಿನ ಕಡೆ ಒಂದಿಷ್ಟು ಬಳೆ ಜಾರದಂತೆ ದಾರದಲ್ಲಿ ಕಟ್ಟಿದರು. ಹಾಗೆ ಬಳೆ ಸಮೇತ ಅಜ್ಜಿಯ ಕೈ ಟವಲಿನಲ್ಲಿ ಸುತ್ತಿಕೊಂಡು, ತರಕಾರಿ ಚೀಲ ಸೇರಿ, ಕೆ.ಆರ್. ಪೇಟೆ ಮೇಲೆ ಹೋಗುವ ಬಸ್ಸು ಹತ್ತಿತು.

ತಾಯಿಗೆ ಮುಂದೆ ಸೀಟು ಸಿಕ್ಕಿತು. ತಿಮ್ಮೇಶನಿಗೆ ಹಿಂದೆ, ಕೋಳಿಮೊಟ್ಟೆಯ ಟ್ರೇ ಹಿಡಿದಿದ್ದ ಒಬ್ಬ ದಢೂತಿ ಹೆಂಗಸಿನ ಪಕ್ಕ ಸಿಕ್ಕಿತು. ಪಾಂಡವಪುರದ ಹತ್ತಿರ ಬಸ್ಸು ಒಂದು ಹಳ್ಳಕ್ಕೆ ಇಳಿದು ಹತ್ತಿದಾಗ ಚೀಲ ವಾಲಿತು. ಹೆಂಗಸಿಗೆ ತನ್ನ ತೊಡೆಯ ಮೇಲೆ ಮೆತ್ತಗಿನ ಕೈಯೊಂದು ಬಂದು ಕೂತದ್ದು ಗೊತ್ತಾಯಿತು.

"ಕೈ ತೆಗಿಯೋ ಬೇವರ್ಸಿ!" ಎಂದಳು.

"ನಾನೇನ್ ಮಾಡ್ದೆ ಕಣವ್ವ?" ಎಂದು ತಿಮ್ಮೇಶ ಎರಡೂ ಕೈ ಮೇಲೆತ್ತಿ ತೋರಿಸಿದ.

ಹೆಂಗಸು ಅವನ ಎರಡು ಕೈ ನೋಡಿದಳು. ತನ್ನ ಎರಡು ಕೈ ನೋಡಿಕೊಂಡಳು, ಅವು ಟ್ರೇ ಹಿಡಿದಿದ್ದವು. ಆಮೇಲೆ ತೊಡೆಯ ಮೇಲಿದ್ದ, ಬಳೆ ತೊಟ್ಟ ಕೈಯನ್ನು ನೋಡಿದಳು. ಅವಳ ಕೂಗಿಗೆ ಡ್ರೈವರು ಟೈರು ಸಿಡಿಯಿತೆಂದು ಬ್ರೇಕ್ ಒತ್ತಿದ. ಮೊಟ್ಟೆಗಳು ಬಸ್ಸಿನ ಉದ್ದಕ್ಕೂ ಹಾರಿದವು. "ಎಂಗ್ಸಿನ್ ಕೈ ಕಣ್ರಪ್ಪೋ! ಕತ್ತರ್ಸ್ಕಂಡ್ ಬಂದವ್ನೆ!" ಎಂಬ ಮಾತು ಮುಂದಿನ ಸೀಟಿಗೆ ಹೋಗುವಷ್ಟರಲ್ಲಿ ಅದು ಮೂರು ಹೆಂಗಸರ ಕೈಗಳಾಗಿತ್ತು. ಲಲಿತಮ್ಮ ಹಿಂದೆ ತಿರುಗಿ, "ಅಯ್ಯೋ, ಅದು ನಮ್ ಬೀಗರ ಕೈ ಕಣ್ರಪ್ಪ!" ಎಂದು ಸಮಾಧಾನ ಹೇಳಿದಳು. ಅದರಿಂದ ಜನರಿಗೆ ಸಮಾಧಾನವಾಗಲಿಲ್ಲ.

ಬಸ್ಸು ನೇರವಾಗಿ ಒಂದು ಪೊಲೀಸ್ ಠಾಣೆಯ ಮುಂದೆ ನಿಂತಿತು. ಅಲ್ಲಿದ್ದ ಎ.ಎಸ್.ಐ. ಚಿಕ್ಕಸ್ವಾಮಿ ನಿವೃತ್ತಿಗೆ ಹತ್ತಿರವಾದ, ಶಾಂತ ಸ್ವಭಾವದ ಮನುಷ್ಯ. ಮೇಜಿನ ಮೇಲಿನ ಕೈ ನೋಡಿದ ಮೇಲೆ ಅವರ ಶಾಂತಿ ಕದಡಿತು.

"ಯಾರ್ದೋ ಇದು?"

"ಅಜ್ಜೀದು ಸಾ."

"ಅಜ್ಜಿ ಎಲ್ಲವ್ರೆ?"

"ಸತ್ತೋಗವ್ರೆ ಸಾ."

"ಮಿಕ್ಕಿದ್ದು?"

"ಕಿಕ್ಕೇರೀಲಿ ಸೋಫಾ ಮೇಲೆ ಕೂತವ್ರೆ ಸಾ."

ಚಿಕ್ಕಸ್ವಾಮಿ ಕುರ್ಚಿಯಲ್ಲಿ ಹಿಂದಕ್ಕೆ ಸರಿದರು. "ಕೈ ತೆಗ್ದೋರ್ ಯಾರು?"

"ಅವ್ರ ಯಜಮಾನ್ರೇ ಸಾ. ಬ್ಯಾಡ ಬ್ಯಾಡ ಅಂದ್ರೂ ಅವ್ರೇ ಬಿಚ್ಚಿ ಕೊಟ್ರು."

"ನೀನ್ಯಾಕ್ ಈಸ್ಕಂಡೆ?"

"ಅವ್ರ ಮೊಮ್ಮಗ್ಳ್ ಮದ್ವೆ ಆಗವಾ ಅಂತ ಸಾ."

ಚಿಕ್ಕಸ್ವಾಮಿ ನೀರು ತರಿಸಿ ಕುಡಿದರು. ಧೈರ್ಯಸ್ಥ ಕಾನ್ಸ್‌ಟೇಬಲ್ ಒಬ್ಬ ಕೈಯನ್ನು ಒತ್ತಿ ನೋಡಿ, ಮೆತ್ತಗಿದೆ ಎಂದು ತಿಳಿದು, ಹಿತ್ತಲಿಗೆ ಓಡಿ ತನ್ನ ಕೈ ತೊಳೆಯುತ್ತಲೇ ಉಳಿದ. ಕೊನೆಗೆ ಲಲಿತಮ್ಮನೇ ಶ್ರೀನಿವಾಸನಿಗೆ ವಿಡಿಯೋ ಕಾಲ್ ಮಾಡಿಸಿದಳು. ಪರದೆಯ ಮೇಲೆ ಚಿಕ್ಕಸಿದ್ದಯ್ಯ ಬಂದರು.

"ಸ್ವಾಮೀ, ಅದು ನನ್ ಎಂಡ್ರು ಕೈಯೇಯಾ! ಬಳೆ ಒಡ್ದಿಲ್ಲ ತಾನೆ?" ಎಂದು ಗೋಳಾಡಿದರು. ಆಮೇಲೆ ಫೋನು ತಿರುಗಿಸಿ ಸೋಫಾದ ಮೇಲೆ ಕನ್ನಡಕ ಹಾಕಿ, ಒಂದೇ ಕೈಯಲ್ಲಿ ನೆಮ್ಮದಿಯಾಗಿ ಕೂತಿದ್ದ ಹೆಂಡತಿಯನ್ನು ತೋರಿಸಿದರು. ಠಾಣೆ ಪೂರ್ತಿ ಒಂದು ಹೆಜ್ಜೆ ಹಿಂದೆ ಸರಿಯಿತು.

ಗೊಂಬೆಯೆಂದು ಎಲ್ಲರಿಗೂ ಮನವರಿಕೆಯಾಗುವ ಹೊತ್ತಿಗೆ ಬಸ್ಸು ಹೊರಟುಹೋಗಿತ್ತು. ಇದಕ್ಕೆ ಯಾವ ಕಲಂ ಹಾಕಬೇಕೆಂದು ಚಿಕ್ಕಸ್ವಾಮಿಯವರಿಗೆ ತಿಳಿಯಲಿಲ್ಲ. "ಇನ್ಮೇಲೆ ಕರ್ಕಂಡ್ ಬಂದ್ರೆ ಅಜ್ಜೀನ ಪೂರ್ತಿ ಕರ್ಕಂಡ್ ಬಾ. ಇಂಗೆ ಬಿಡಿಬಿಡಿಯಾಗಿ ತರ್ಬ್ಯಾಡ" ಎಂದು ಎಚ್ಚರಿಕೆ ಕೊಟ್ಟು ಕಳುಹಿಸಿದರು.

ಬಾಬುರಾಯನಕೊಪ್ಪಲಿನಲ್ಲಿ ಚಿಕಿತ್ಸೆ ಶುರುವಾಯಿತು. ತಿಮ್ಮೇಶ ಮೊದಲು ಕ್ಷಣದಲ್ಲಿ ಅಂಟುವ ಅಂಟು ತಂದು ಹರಿದ ಗೆಣ್ಣಿಗೆ ಹಾಕಿದ. ಅದು ಸಿಲಿಕಾನಿಗೆ ಅಂಟುವುದಿಲ್ಲ. ತಿಮ್ಮೇಶನಿಗೆ ಚೆನ್ನಾಗಿ ಅಂಟುತ್ತದೆ. ಅವನ ಹೆಬ್ಬೆರಳೂ ತೋರುಬೆರಳೂ ಸೇರಿಕೊಂಡು, ಎರಡು ದಿನ ಅವನು ಪ್ರವಚನ ಮಾಡುವ ಸ್ವಾಮಿಗಳಂತೆ ಚಿನ್ಮುದ್ರೆ ಹಿಡಿದು ಓಡಾಡಿದ. ಅಂಗಡಿಗೆ ಬಂದ ಒಬ್ಬ ಮುದುಕಿ ಕೈಮುಗಿದು ಹೋದಳು.

ಆಮೇಲೆ ಬೆರಳಿನ ಅಂಗೈ ಕಡೆಯ ಚರ್ಮವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ತುಂಡಾದ ವೈರು ಹೊರಗೆಳೆದ. ನೋಡಿದರೆ ಉಳಿದ ಬೆರಳುಗಳ ವೈರುಗಳೂ ಇವತ್ತೋ ನಾಳೆಯೋ ಎನ್ನುತ್ತಿದ್ದವು. ಬುದ್ಧಿವಂತನಾದವನು ಅಷ್ಟೇ ದಪ್ಪದ ಮೆತ್ತನೆಯ ತಂತಿ ತಂದು, ತುದಿಯನ್ನು ಸುರುಳಿ ಮಾಡಿ, ಚರ್ಮ ಚುಚ್ಚದಂತೆ ಬಟ್ಟೆ ಸುತ್ತಿ ಹಾಕುತ್ತಿದ್ದ. ಆದರೆ ಪಕ್ಕದಲ್ಲಿ ಟ್ರಾಕ್ಟರು ರಿಪೇರಿಯ ಶಿವು ಕೂತಿದ್ದ. ಟ್ರಾಕ್ಟರು ರಿಪೇರಿಯವರಿಗೆ ಲೋಕದಲ್ಲಿ ಯಾವುದೂ ಸಾಕಷ್ಟು ಗಟ್ಟಿಯಾಗಿ ಕಾಣುವುದಿಲ್ಲ.

"ಲೇ, ಈ ನೂಲಿನಂಥ ವೈರಾಕಿದ್ರೆ ಮದ್ವೆ ದಿನ್ವೇ ತಿರ್ಗಾ ಮುರೀತದೆ ಕಣ್ಲಾ. ಆವಾಗ ತಾಳಿ ಕಟ್ತೀಯೋ, ಬೆರಳ್ ಕಟ್ತೀಯೋ? ಕ್ಲಚ್ ವೈರಾಕು. ಜೊತ್ಗೊಂದು ಸ್ಪ್ರಿಂಗಾಕು. ಏಳ್ ಜನ್ಮ ಬತ್ತದೆ."

ಮಾತು ತಿಮ್ಮೇಶನಿಗೆ ಸರಿಯೆನ್ನಿಸಿತು. ಬೆರಳು ಬೆರಳಿಗೂ ಕ್ಲಚ್ ವೈರು, ಗೆಣ್ಣು ಗೆಣ್ಣಿಗೂ ಬ್ರೇಕಿನ ಸ್ಪ್ರಿಂಗು ಬಿತ್ತು. ಸೀಳನ್ನು ಬಾತ್‌ರೂಮಿನ ಟೈಲ್ಸ್ ಸಂದಿಗೆ ಹಾಕುವ ಸಿಲಿಕಾನ್ ಪೇಸ್ಟಿನಿಂದ ಮುಚ್ಚಿ, ದಾರ ಸುತ್ತಿ, ಒಂದು ಹಗಲು ಒಂದು ಇರುಳು ಒಣಗಲು ಬಿಟ್ಟ. ಬ್ಲೇಡಿನಿಂದ ಹೆಚ್ಚಾದದ್ದನ್ನು ಕೆರೆದು ಪೌಡರ್ ಬಳಿದ. ನಿಜ ಹೇಳುತ್ತೇನೆ, ನೋಡಲು ಚೆನ್ನಾಗಿಯೇ ಬಂದಿತ್ತು. ಸ್ವಲ್ಪ ಹುಳಿ ವಾಸನೆ ಇತ್ತು, ಅಷ್ಟೆ. ಪರೀಕ್ಷೆಗೆಂದು ಬೆರಳ ಸಂದಿಗೆ ದೊಡ್ಡ ಸ್ಪಾನರ್ ಸಿಕ್ಕಿಸಿ ಬೋರಲು ಹಿಡಿದ. ಸ್ಪಾನರ್ ಅಲ್ಲಾಡಲಿಲ್ಲ. ನೆರೆದಿದ್ದವರು ಚಪ್ಪಾಳೆ ತಟ್ಟಿದರು. ಲಲಿತಮ್ಮ ದೃಷ್ಟಿ ತೆಗೆದಳು. ಆ ಬೆರಳುಗಳಿಂದ ಒಂದು ಹೂವು ಬೀಳಬೇಕಾಗಿದೆ ಎಂಬುದು ಮಾತ್ರ ಆ ಗುಂಪಿನಲ್ಲಿ ಒಬ್ಬನ ತಲೆಗೂ ಹೊಳೆಯಲಿಲ್ಲ.

ಒಳ್ಳೆಯ ದಿನ ನೋಡಿ ಕಿಕ್ಕೇರಿಯಲ್ಲಿ ಎಲ್ಲರೂ ಸೇರಿದರು. ಹೂ ಬಿದ್ದ ತಕ್ಷಣ ತಾಂಬೂಲ ಬದಲಾಯಿಸುವುದೆಂದು ಎರಡೂ ಕಡೆಯ ನೆಂಟರು ಬಂದಿದ್ದರು. ಅಡುಗೆಮನೆಯಲ್ಲಿ ಪಾಯಸ ಕುದಿಯುತ್ತಿತ್ತು. ತಿಮ್ಮೇಶ ಕೈ ಜೋಡಿಸಿ ಸ್ಕ್ರೂ ಬಿಗಿದ. ಚಿಕ್ಕಸಿದ್ದಯ್ಯ ಹೆಂಡತಿಯ ಬೆರಳುಗಳನ್ನು ಮುಟ್ಟಿ, "ಒಳ್ಳೆ ಬಲ ಬಂದದೆ ಕಣ್ಲಾ!" ಎಂದು ಅವನ ಬೆನ್ನು ತಟ್ಟಿದರು. ಮುತ್ತಮ್ಮನ ತಂಗಿ ಒಬ್ಬಳು ಹತ್ತಿರ ಬಂದು ಮೂಸಿ, "ಅಯ್ಯೋ, ನಮ್ಮಕ್ಕುನ್ ಕೈಲಿ ಉಪ್ಪಿನಕಾಯಿ ವಾಸ್ನೆ! ಮಾವಿನ್‌ಕಾಯಿ ಎಚ್ಚುತ್ತಿದ್ದಾಗ ಇಂಗೇ ಬರೋದು" ಎಂದು ಬಿಕ್ಕಿಬಿಕ್ಕಿ ಅತ್ತಳು. ನೆಂಟರಲ್ಲಿ ಅರ್ಧ ಜನ ಕಣ್ಣು ಒರೆಸಿಕೊಂಡರು.

ಮುದುಕರು ಸೇವಂತಿಗೆಯನ್ನು ಬೆರಳ ಸಂದಿಗೆ ಸಿಕ್ಕಿಸಿ ಕೇಳಿದರು. ಎಲ್ಲರೂ ಕೈಮುಗಿದು ನಿಂತರು.

ಹೂ ಬೀಳಲಿಲ್ಲ.

ನಿಧಾನ ಎಂದರು. ಕಾದರು. ಊದುಬತ್ತಿ ಉರಿದು ಮುಗಿಯಿತು, ಇನ್ನೊಂದು ಹಚ್ಚಿದರು. ತಿಮ್ಮೇಶ ಹೂವನ್ನು ನೋಡಿದ, ಬೆರಳನ್ನು ನೋಡಿದ, ಸ್ಪಾನರ್ ನೆನಪಾಯಿತು. ಜೀವಮಾನದಲ್ಲಿ ಅವನು ಸರಿಯಾಗಿ ಮಾಡಿದ ಮೊದಲ ರಿಪೇರಿ ಅದು.

"ಫ್ಯಾನ್ ಜೋರಾಗಿಡಿ, ಸೆಕೆ" ಎಂದ ಕಿಟ್ಟಿ, ವಿಷಯ ಅರ್ಥವಾದವನಂತೆ. ಫ್ಯಾನ್ ಗಾಳಿಗೆ ನೆಂಟರೊಬ್ಬರ ಟೋಪಿ ಹಾರಿತು, ಹೂವು ಅಲ್ಲೇ ಇತ್ತು. ಕಿಟ್ಟಿ ಕಾಲು ಜೋಮು ಹಿಡಿದಿದೆ ಎಂದು ನೆಲಕ್ಕೆ ದಬದಬ ಒದ್ದ. ಗೋಡೆಯ ಮೇಲಿದ್ದ ಕ್ಯಾಲೆಂಡರು ಬಿತ್ತು.

"ಎಂಥಾ ಕೊಡುಗೈ ಎಂಗ್ಸು ನಮ್ಮತ್ತೆ, ಇವತ್ತು ಇಂಗ್ ಮಾಡ್ಬುಟ್ರಲ್ಲ" ಎಂದಳು ಉಮ. "ಕೇಳಿದ್ದ್ ಇಲ್ಲ ಅಂದೋರೇ ಅಲ್ಲ" ಎಂದು ಮುತ್ತಮ್ಮನ ತಂಗಿ ದನಿಗೂಡಿಸಿದಳು. ಕೈ ಮುರಿದವನ ಮೇಲೆ ಅಜ್ಜಿಗೆ ಸಿಟ್ಟಿದೆ ಎಂದು ಒಬ್ಬರು, ಹುಡುಗನ ಜಾತಕದಲ್ಲಿ ಏನೋ ಇದೆ ಎಂದು ಮತ್ತೊಬ್ಬರು ಹೇಳಿದರು.

ತಿಮ್ಮೇಶ ತಡೆಯಲಾರದೆ ಮುಂದೆ ಬಂದ. "ಅಜ್ಜೀದ್ ಏನೂ ತಪ್ಪಿಲ್ಲ ಕಣ್ರಪ್ಪ. ನಾನೇ ಒಳ್ಗೆ ಬ್ರೇಕ್ ಸ್ಪ್ರಿಂಗಾಕಿವ್ನಿ. ಆನೆ ಎಳುದ್ರೂ ಊವ ಬೀಳಕ್ಕಿಲ್ಲ. ಒಂದೇ ಒಂದು ಸ್ಪ್ರಿಂಗು ಬಿಚ್ತೀನಿ, ಅಪ್ಪಣೆ ಕೊಡಿ."

ನಡುಮನೆ ಬೆಚ್ಚಿತು. ಶ್ರೀನಿವಾಸನಿಗೆ ರೇಗಿತು. "ಏನ್ಲಾ ಅಂಗಂದ್ರೆ? ನೀನ್ ಸ್ಪ್ರಿಂಗಾರ ಆಕು, ಕಬ್ಬಿಣದ್ ಸಲಾಕಿಯಾರ ಆಕು, ಬೀಳುಸ್ಬೇಕು ಅಂದ್ರೆ ನಮ್ಮವ್ವ ಬೀಳುಸ್ತಾಳೆ! ಲಂಚ ಕೊಟ್ಟಂಗೆ ಬೆರಳ್ ಬಿಚ್ಚಿ ಊವ ಬೀಳುಸ್ಕಂಡ್ರೆ ಅದು ಅಪ್ಪಣೆಯಾ?" ನೆಂಟರೆಲ್ಲ ತಲೆದೂಗಿದರು. ಈ ತರ್ಕಕ್ಕೆ ಉತ್ತರ ನನ್ನ ಹತ್ತಿರವೂ ಇಲ್ಲ.

ರಾಹುಕಾಲ ಹತ್ತಿರ ಬಂತು. ಪಾಯಸ ಇಳಿಸಿದರು. ಲಲಿತಮ್ಮ ಸೆರಗು ಬಾಯಿಗಿಟ್ಟುಕೊಂಡು, ಯಾರ ಮುಲಾಜೂ ಇಲ್ಲದೆ ಅತ್ತಳು. ಕಿಟ್ಟಿ ಹೊರಗೆ ಚಪ್ಪಲಿ ಹುಡುಕತೊಡಗಿದ. ತಿಮ್ಮೇಶ ಬಾಗಿಲ ಕಡೆ ನೋಡಿದ. ಯಶೋಧ ಅಲ್ಲಿರಲಿಲ್ಲ. ಅವನ ಮುಖ ನೋಡಿದರೆ ನಿಮಗೆ ಸಂಕಟವಾಗುತ್ತಿತ್ತು. ಬಾಬುರಾಯನಕೊಪ್ಪಲಿಗೆ ಹೋಗಿ ಇನ್ನು ಯಾವ ಮುಖ ಹೊತ್ತು ಅಂಗಡಿ ತೆಗೆಯಲಿ ಎಂದು ಅವನು ಚಪ್ಪಲಿಯ ಕಡೆ ಹೊರಟ.

ಅಷ್ಟರಲ್ಲಿ ಯಶೋಧ ನಡುಮನೆಗೆ ಬಂದಳು. ಯಾರನ್ನೂ ನೋಡಲಿಲ್ಲ. ನೇರ ಅಜ್ಜಿಯ ಮುಂದೆ ಹೋಗಿ ಹೂವಿನ ತೊಟ್ಟು ಹಿಡಿದು ಎಳೆದಳು. ಬರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೋಫಾದ ಅಂಚಿಗೆ ಒಂದು ಕಾಲು ಕೊಟ್ಟು, ಎರಡೂ ಕೈಯಲ್ಲಿ ಜಗ್ಗಿದಳು. ಅಜ್ಜಿ ಸೋಫಾ ಬಿಟ್ಟು ಎದ್ದೇಳುವಂತೆ ಮುಂದಕ್ಕೆ ಬಾಗಿದಳು, ಮೂಗಿನ ಮೇಲಿನ ಕನ್ನಡಕ ಜಾರಿತು. ಹೆಂಗಸರು ಕಿರುಚಿದರು. ಚಟ್ ಎಂದು ಬೆರಳುಗಳು ಮುಚ್ಚಿಕೊಂಡವು. ಅರ್ಧ ಎಸಳು ಉದುರಿದ ಸೇವಂತಿಗೆ ಯಶೋಧಳ ಕೈಯಲ್ಲಿತ್ತು. ಅವಳು ಅದನ್ನು ಜಡೆಗೆ ಮುಡಿದುಕೊಂಡು, ಏದುಸಿರು ಬಿಡುತ್ತ ತಾತನ ಕಡೆ ತಿರು‌ಗಿದಳು.

"ಅಜ್ಜಿ ಕೊಡ್ಲಿಲ್ಲ. ನಾನೇ ಕಿತ್ಕಂಡೆ. ಬಯ್ಯಂಗಿದ್ರೆ ಬಯ್ರಿ ತಾತ."

ಅಪಚಾರ ಎನ್ನಲು ಬಾಯಿ ತೆರೆದ ಉಮ ಹಾಗೆಯೇ ತೆರೆದುಕೊಂಡಿದ್ದಳು. ಎಲ್ಲರೂ ಚಿಕ್ಕಸಿದ್ದಯ್ಯನವರನ್ನು ನೋಡಿದರು. ಅವರು ಕೋಲೂರಿಕೊಂಡು ಹೋಗಿ, ಹೆಂಡತಿಯ ಕನ್ನಡಕ ಸರಿಮಾಡಿ, ಬಿಗಿಯಾಗಿ ಮುಚ್ಚಿದ ಆ ಮುಷ್ಟಿಯನ್ನು ಮುಟ್ಟಿ ನೋಡಿದರು.

"ಕೊಡುಗೈ ಅಂತೆ ಕೊಡುಗೈ!" ಎಂದರು ಕೊನೆಗೆ. "ಯಾರ್ಲಾ ಅಂದೋರು? ಬಾಳ್ವೆ ಮಾಡ್ದೋನು ನಾನು. ಮುತ್ತಿ ಕೇಳಿದ್ದಕ್ಕೆ ಯಾವತ್ ಏನ್ ಕೊಟ್ಟವ್ಳೆ? ಒಂದ್ ಚೂರು ಅಡ್ಕೆ ಕೇಳುದ್ರೂ ಮುಷ್ಟಿ ಬಿಗಿ ಮಾಡ್ಕಳೋಳು. ನಾವ್ ಕಿತ್ಕೋಬೇಕು. ಕಿತ್ಕಂಡ್ರೆ ಬಾಯ್ತುಂಬ ಬಯ್ಯೋಳು, ಆಮೇಲೆ ಅತ್ಲಾಗ್ ತಿರುಕ್ಕಂಡು ನಗೋಳು."

ಅವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಮೂರ್ ವರ್ಸದಿಂದ ಇವ್ಳು ಕೇಳಿದ್ದಕ್ಕೆಲ್ಲ ಊವ ಉದುರುಸ್ತಿದ್ರೆ, ಯಾರೋ ಬ್ಯಾರೆ ಎಂಗ್ಸುನ್ನ ತಂದ್ ಕೂರ್ಸ್‌ಬುಟ್ಟವ್ರಲ್ಲಪ್ಪ ಅಂತ ಒಳ್ಗೊಳ್ಗೇ ಸಂಕ್ಟ ಪಡ್ತಿದ್ದೆ. ಯಾರ್ತಾವ ಯೋಳ್ಕಳ್ಳಿ? ಇವತ್ತು ನೋಡ್ರಪ್ಪ, ನನ್ ಮುತ್ತಿ ಬಂದವ್ಳೆ."

ಶ್ರೀನಿವಾಸ ತಲೆ ತಗ್ಗಿಸಿದ. ಮುತ್ತಮ್ಮನ ತಂಗಿ ಅಳುತ್ತಲೇ ಹೌದೌದು ಎಂದಳು. ಚಪ್ಪಲಿ ಒಂದು ಕಾಲಿಗೆ ಹಾಕಿ ಇನ್ನೊಂದು ಕೈಯಲ್ಲಿ ಹಿಡಿದಿದ್ದ ತಿಮ್ಮೇಶನನ್ನು ಮುದುಕರು ಕೋಲು ಎತ್ತಿ ಕರೆದರು.

"ಅಲ್ಲೇನ್ಲಾ ನಿಂತಿದ್ದೀಯ ಗೂಬೆ? ಬಿರ್ನೆ ಬಂದ್ ತಟ್ಟೆ ಈಸ್ಕೊ. ಅವ್ಳು ಆ ಊವ ವಾಪಸ್ ಕೇಳೋದ್ರೊಳ್ಗೆ ತಾಂಬೂಲ ಮುಗಿಸ್ಬುಡವಾ!"